ಬೀಚ್ ಟವೆಲ್ಲೇ ಬ್ಯಾಗ್ ಆಗಬೇಕೇ? ವಾಪಸ್ ಬರುವ ದಾರಿಯನ್ನು ಮೊದಲು ಯೋಚಿಸಿ

ಬಟ್ಟೆ ಮತ್ತು ಬ್ಯಾಗ್ ವಿನ್ಯಾಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಈ ಸಲ ಒಂದೇ ವಸ್ತುವಿನ ಸುತ್ತ ಇರುವವನ್ನು ಆರಿಸಿಕೊಂಡಿದ್ದೇನೆ. ಹಾಸಿದರೆ ಟವೆಲ್, ಮಡಚಿದರೆ ಹೆಗಲಿಗೆ ಹಾಕುವ ಬ್ಯಾಗ್.

ಪ್ರಶ್ನೆ: ಮೇಡಂ, ನಮ್ಮದು ಕುಮಟಾದಲ್ಲಿ ಸಣ್ಣ ಹೊಲಿಗೆ ಅಂಗಡಿ. ಗೋಕರ್ಣಕ್ಕೆ ಬರುವವರಿಗೆ ಮಾರೋಣ ಅಂತ ಟವೆಲ್-ಬ್ಯಾಗ್ ಹೊಲಿದೆವು. ದಪ್ಪ ಟರ್ಕಿ ಟವೆಲ್ ತಂದು, ಅರ್ಧಕ್ಕೆ ಮಡಚಿ, ಎರಡೂ ಬದಿಗೆ ಜಿಪ್ ಹಾಕಿ, ಮೇಲೆ ಹಿಡಿಯಲು ಕೈ ಹೊಲಿದೆವು. ನೋಡಲು ಚಂದ ಇದೆ. ಆದರೆ ಸಾಮಾನು ಹಾಕಿದರೆ ಜೋತು ಬೀಳುತ್ತದೆ. ತಗೊಂಡವರು, ವಾಪಸ್ ಬರುವಾಗ ಒಳಗಿನ ಒಣ ಬಟ್ಟೆಯೆಲ್ಲ ಒದ್ದೆಯಾಯಿತು ಅನ್ನುತ್ತಾರೆ. ಏನು ಬದಲಾಯಿಸಬೇಕು?

ಉತ್ತರ: ನಿಮ್ಮ ಗಿರಾಕಿಗಳು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಮನೆಯಿಂದ ಬೀಚಿಗೆ ಹೋಗುವಾಗ ಟವೆಲ್ ಒಣಗಿರುತ್ತದೆ, ಶುಚಿಯಾಗಿರುತ್ತದೆ. ಆಗ ಎಂಥ ಟವೆಲ್-ಬ್ಯಾಗ್ ಆದರೂ ನಡೆಯುತ್ತದೆ. ವಾಪಸ್ ಬರುವಾಗ ಅದೇ ಟವೆಲ್ ಒದ್ದೆ, ಉಪ್ಪು, ಮರಳು. ಅದನ್ನೇ ಬ್ಯಾಗ್ ಮಾಡಿ ಅದರೊಳಗೆ ಫೋನು, ಒಣ ಅಂಗಿ ಹಾಕಿ ಅಂದರೆ ಹೇಗಾಗುತ್ತದೆ ಹೇಳಿ. ಹಾಗಾಗಿ ವಿನ್ಯಾಸ ಶುರುವಾಗಬೇಕಾದದ್ದು ವಾಪಸ್ ಬರುವ ದಾರಿಯಿಂದ. ನನ್ನ ಮಟ್ಟಿಗೆ ಈ ವಸ್ತುವಿನ ಇಡೀ ಗುಟ್ಟು ಇಷ್ಟೇ.

ಮೊದಲು ಬಟ್ಟೆ. ಟವೆಲ್ಲಿನ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 30×60 ಇಂಚಿನ ಟವೆಲ್ ಒಂದು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. 550 ಜಿಎಸ್‌ಎಂನದ್ದು ತಂದರೆ ಒಣಗಿದಾಗಲೇ 600 ಗ್ರಾಂ ದಾಟುತ್ತದೆ. 350ರದ್ದು ಆದರೆ 400 ಗ್ರಾಂ ಆಸುಪಾಸು. ಒದ್ದೆಯಾದ ಮೇಲಿನ ತೂಕ ಅದರ ಎರಡು ಪಟ್ಟು ಮೀರಬಹುದು. ಬಚ್ಚಲಮನೆಗೆ ದಪ್ಪ ಟವೆಲ್ ಹಿತ, ಹೆಗಲಿಗೆ ಅಲ್ಲ. 300ರಿಂದ 400ರ ಒಳಗಿನದ್ದು ತಗೊಳ್ಳಿ.

ನೂಲಿನ ಕುಣಿಕೆಗಳು ಉದ್ದ ಇದ್ದಷ್ಟೂ ಮರಳು ಒಳಗೆ ಕೂರುತ್ತದೆ. ಗಿಡ್ಡ ಕುಣಿಕೆಯ ಟೆರ್ರಿ (ಟರ್ಕಿ ಟವೆಲ್ಲಿನಂಥ ಕುಣಿಕೆ ಬಟ್ಟೆ) ಒಳ್ಳೆಯದು. ಸೋಲಾಪುರದ ಟೆರ್ರಿ ಟವೆಲ್ಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಅಲ್ಲಿನ ಮಾಲಿನಲ್ಲಿ ಹಗುರದ್ದನ್ನು ಕೇಳಿ ತರಿಸಿ ನೋಡಿ. ಕುಣಿಕೆಯೇ ಇಲ್ಲದ ಚಪ್ಪಟೆ ನೇಯ್ಗೆಯದ್ದು ಇನ್ನೂ ಒಳ್ಳೆಯದು. ತುರ್ಕಿಯ ಹಮಾಮುಗಳಲ್ಲಿ, ಅಂದರೆ ಸಾರ್ವಜನಿಕ ಸ್ನಾನಗೃಹಗಳಲ್ಲಿ, ಬಳಸುವ ಪೆಷ್ಟೆಮಾಲ್ ಈ ಜಾತಿಯದ್ದು. ನಮ್ಮ ಕರಾವಳಿ ಮನೆಗಳ ತೆಳು ಬೈರಾಸು ಕೂಡ ಬೇಗ ಒಣಗುತ್ತದೆ, ಒಮ್ಮೆ ಕೊಡವಿದರೆ ಮರಳು ಬಿಡುತ್ತದೆ. ಹಾಸಿ ಮಲಗಲು ಅದು ತೀರಾ ತೆಳುವಾದರೆ ಎರಡು ಪದರ ಹಾಕಿ.

ಮೈಕ್ರೋಫೈಬರ್ ಬಗ್ಗೆ ಬೇರೆ ಓದುಗರೂ ಕೇಳಿದ್ದಾರೆ. ಸಾಮಾನ್ಯವಾಗಿ ಅದು ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿದ ಬಟ್ಟೆ. ಹಗುರ, ಬೇಗ ಒಣಗುತ್ತದೆ, ಮರಳು ನಿಲ್ಲುವುದಿಲ್ಲ. ಬ್ಯಾಗ್ ದೃಷ್ಟಿಯಿಂದ ನೋಡಿದರೆ ಎಲ್ಲ ಅಂಕವೂ ಅದಕ್ಕೇ. ಆದರೆ ಪ್ರತಿ ಸಲ ಒಗೆದಾಗ ಸಣ್ಣ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಸಮುದ್ರಕ್ಕಾಗಿಯೇ ಮಾಡುವ ವಸ್ತು ಸಮುದ್ರಕ್ಕೆ ಪ್ಲಾಸ್ಟಿಕ್ ಸೇರಿಸುವುದು ನನಗೆ ಒಪ್ಪಿಗೆ ಇಲ್ಲ. ಹತ್ತಿಯನ್ನೇ ಬಳಸಿ ಅನ್ನುತ್ತೇನೆ.

ಈಗ ಆಕಾರ. ಅರ್ಧಕ್ಕೆ ಮಡಚಿ ಬದಿಗೆ ಜಿಪ್ ಹಾಕಿದರೆ 30×30 ಇಂಚಿನ ಚೀಲ ಆಗುತ್ತದೆ. ಹೆಗಲಿಗೆ ಹಾಕಿದರೆ ಮೊಣಕಾಲಿಗೆ ಬಡಿಯುತ್ತದೆ. ಮೇಲಾಗಿ ಟೆರ್ರಿ ಬಟ್ಟೆ ಭಾರಕ್ಕೆ ಹಿಗ್ಗುತ್ತದೆ. ಅದಕ್ಕೇ ಜೋತು ಬೀಳುವುದು. ಟವೆಲ್ಲನ್ನೇ ಬ್ಯಾಗ್ ಮಾಡುವ ಆಸೆ ಬಿಡಿ. ಟವೆಲ್ಲಿಗೆ ಅಂಟಿಕೊಂಡಿರುವ ಒಂದು ಬ್ಯಾಗ್ ಹೊಲಿಯಿರಿ.

ಒಳಬದಿಗೆ ನೀರು ತಡೆಯುವ ಲೇಪ ಇರುವ ಪ್ಯಾರಾಶೂಟ್ ಬಟ್ಟೆ (ತೆಳು, ಜಾರುವ ನೈಲಾನ್ ಜಾತಿಯ ಬಟ್ಟೆ) ತಗೊಳ್ಳಿ. 22×40 ಇಂಚು ಕತ್ತರಿಸಿ, ಉದ್ದಕ್ಕೆ ಅರ್ಧ ಮಡಚಿ, ಎರಡು ಬದಿ ಹೊಲಿದು, ಕೆಳಗಿನ ಎರಡು ಮೂಲೆಗೆ 4 ಇಂಚಿನ ಅಡ್ಡಹೊಲಿಗೆ ಹಾಕಿ ತಳ ಮಾಡಿ. ಬಾಯಿ ಅಂಚು ಮಡಚಿದ ಮೇಲೆ ಸುಮಾರು 17 ಇಂಚು ಅಗಲ, 17 ಇಂಚು ಎತ್ತರದ ಬ್ಯಾಗ್ ಸಿಗುತ್ತದೆ. ಇದರ ಬಾಯಿಯ ಹಿಂದಿನ ಅಂಚನ್ನು ಟವೆಲ್ಲಿನ ಒಂದು ಗಿಡ್ಡ ಬದಿಯ ನಡುವಿಗೆ 15 ಇಂಚಿನಷ್ಟು ಉದ್ದ ಹೊಲಿಯಿರಿ. ಬ್ಯಾಗಿಗೂ ಟವೆಲ್ಲಿಗೂ ಇಷ್ಟೇ ನಂಟು. ಒದ್ದೆ ಟವೆಲ್ಲಿನ ಭಾರ ಇದೇ ಗೆರೆಯ ಮೇಲೆ ಬೀಳುವುದರಿಂದ ಇಲ್ಲಿ ಒಂದು ಪಟ್ಟಿ ಇಟ್ಟು ಎರಡು ಸಾಲು ಹೊಲಿಗೆ ಹಾಕಿ.

ಹೋಗುವಾಗ ಟವೆಲ್ಲಿನ ಎರಡು ಬದಿಯನ್ನು ಏಳೂವರೆ ಇಂಚು ಒಳಗೆ ಮಡಚಿ. 15 ಇಂಚು ಅಗಲದ ಪಟ್ಟಿ ಆಗುತ್ತದೆ. ಅದನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿದರೆ 15×15ರ ಕಟ್ಟು, ಬ್ಯಾಗಿನ ಒಳಗೆ ಸಲೀಸಾಗಿ ಇಳಿಯುತ್ತದೆ. ಪಕ್ಕದಲ್ಲಿ ನೀರಿನ ಬಾಟಲಿ, ಬಟ್ಟೆಗೆ ಜಾಗ ಉಳಿಯುತ್ತದೆ. ಬೀಚಿನಲ್ಲಿ ಟವೆಲ್ ಹೊರಗೆಳೆದು ಹಾಸಿ. ಬ್ಯಾಗ್ ತಲೆಯ ಕಡೆಗೆ ಬರುತ್ತದೆ, ಒಳಗೆ ಬಟ್ಟೆ ಇದ್ದರೆ ಅದೇ ದಿಂಬು. ಮಲಗಿದವರ ತಲೆ ಬ್ಯಾಗಿನ ಮೇಲೇ ಇರುವುದರಿಂದ ಗಾಳಿಗೆ ಹಾರುವ ಭಯವೂ ಇಲ್ಲ.

ವಾಪಸ್ ಬರುವಾಗ ಒಣ ಸಾಮಾನು ಬ್ಯಾಗಿನ ಒಳಗೇ ಇರಲಿ. ಟವೆಲ್ಲನ್ನು ಚೆನ್ನಾಗಿ ಕೊಡವಿ, ಬದಿ ಮಡಚಿ, ಆಚೆ ತುದಿಯಿಂದ ಬ್ಯಾಗಿನ ಬಾಯಿಯ ತನಕ ಸುತ್ತಿಕೊಂಡು ಬನ್ನಿ. ಆ ಸುರುಳಿ ಬ್ಯಾಗಿನ ಬೆನ್ನ ಮೇಲೆ ಹೊರಗಡೆ ಕೂರುತ್ತದೆ. ಬೆನ್ನಿಗೆ ಎರಡು ಲಾಡಿ ಹೊಲಿದಿಟ್ಟಿದ್ದರೆ ಕಟ್ಟಿದರಾಯಿತು. ನಡುವೆ ಲೇಪದ ಬಟ್ಟೆ ಇರುವುದರಿಂದ ಒದ್ದೆ ಒಳಗೆ ಇಳಿಯುವುದು ತಪ್ಪುತ್ತದೆ. ಬ್ಯಾಗಿನ ಬೆನ್ನು ಮೈಗೆ ತಾಗದ ಹಾಗೆ, ಹೊರಮುಖವಾಗಿ ಹೆಗಲಿಗೆ ಹಾಕಿಕೊಳ್ಳಲು ಗಿರಾಕಿಗಳಿಗೆ ಹೇಳಿ. ಇಲ್ಲವಾದರೆ ಅಂಗಿ ಒದ್ದೆಯಾಗುತ್ತದೆ.

ಬ್ಯಾಗಿನ ಕೈ ಹೊಲಿಯುವುದರಲ್ಲಿ ಜಿಪುಣತನ ಬೇಡ. ಕೈಗಳನ್ನು ಬಾಯಿ ಅಂಚಿಗಷ್ಟೇ ಹೊಲಿದರೆ ಒಂದಲ್ಲ ಒಂದು ದಿನ ಕಿತ್ತು ಬರುತ್ತದೆ. ಒಂದೇ ಬೆಲ್ಟ್ ಪಟ್ಟಿ ಬ್ಯಾಗಿನ ಮುಂದಿನಿಂದ ಇಳಿದು, ತಳದಡಿ ಹಾದು, ಹಿಂದಿನಿಂದ ಮೇಲೆ ಬಂದು, ಹಾಗೇ ಸುತ್ತು ಪೂರ್ತಿ ಆಗಬೇಕು. ಈ ಅಳತೆಗೆ ಮೂರೂಕಾಲು ಮೀಟರ್ ಪಟ್ಟಿ ಬೇಕಾಗುತ್ತದೆ. ಆಗ ಭಾರ ಹೊರುವುದು ಪಟ್ಟಿ, ಬಟ್ಟೆಯಲ್ಲ. ಬಾಯಿಯ ಹತ್ತಿರ ಚೌಕ ಹೊಲಿದು ಒಳಗೆ ಅಡ್ಡಡ್ಡ ಗೀಟು ಹಾಕಿ. ಹತ್ತಿಯ ನಿವಾರ್ ಪಟ್ಟಿ ನೀರು ಕುಡಿದು ಬೂಸ್ಟು ಹಿಡಿಯುತ್ತದೆ, ಪಾಲಿಯೆಸ್ಟರ್ ಪಟ್ಟಿ ತಗೊಳ್ಳಿ. ದಾರವೂ ಪಾಲಿಯೆಸ್ಟರ್ ಇರಲಿ. ಸೂಜಿ 16ನೇ ನಂಬರ್, ಹೊಲಿಗೆ ಇಂಚಿಗೆ ಏಳೆಂಟು. ಟೆರ್ರಿಯಲ್ಲಿ ಸಣ್ಣ ಹೊಲಿಗೆ ಹಾಕಿದರೆ ಅದು ಕುಣಿಕೆಗಳಲ್ಲಿ ಹೂತುಹೋಗುತ್ತದೆ, ಬಟ್ಟೆಯೂ ಸುಕ್ಕಾಗುತ್ತದೆ.

ಇನ್ನೊಂದು ಮಾತು. ಹೊಲಿಯುವ ಮೊದಲು ಟವೆಲ್ಲನ್ನು ಒಮ್ಮೆ ಒಗೆದು ಒಣಗಿಸಲೇಬೇಕು. ಹತ್ತಿ ಟವೆಲ್ ಮೊದಲ ಒಗೆತಗಳಲ್ಲಿ ನೂರಕ್ಕೆ ಐದು ಪಾಲು ಕುಗ್ಗುವುದು ಸಾಮಾನ್ಯ. 60 ಇಂಚಿಗೆ ಅದು 3 ಇಂಚಾಯಿತು. ಪ್ಯಾರಾಶೂಟ್ ಬಟ್ಟೆ, ಬೆಲ್ಟ್ ಪಟ್ಟಿ ಒಂದು ಚೂರೂ ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಗಿರಾಕಿಯ ಮನೆಯಲ್ಲಿ ಆ ಜೋಡಣೆ ಪೂರ್ತಿ ನಿರಿಗೆ ಬೀಳುತ್ತದೆ. ಅಂಗಡಿಯಲ್ಲಿ ಕಾಣದ ದೋಷ ಇದು.

ಪ್ರಶ್ನೆ: ಬಾಯಿ ಮುಚ್ಚಲು ಯಾವುದು ಒಳ್ಳೆಯದು, ಜಿಪ್ಪೋ, ವೆಲ್ಕ್ರೋನೋ, ಗುಂಡಿಯೋ? (ಮಲ್ಪೆಯ ಓದುಗರು)

ಉತ್ತರ: ವೆಲ್ಕ್ರೋ ಖಂಡಿತ ಬೇಡ. ಅದರ ಕೊಕ್ಕೆಗಳು ಟೆರ್ರಿಯ ಕುಣಿಕೆಗಳನ್ನು ಹಿಡಿದು ಎಳೆಯುತ್ತವೆ. ಕೆಲವೇ ದಿನದಲ್ಲಿ ಟವೆಲ್ ತುಂಬ ಎಳೆ ಎದ್ದಿರುತ್ತದೆ, ಕೊಕ್ಕೆಯೊಳಗೆ ಮರಳು, ನಾರು ತುಂಬಿ ಹಿಡಿತವೂ ಹೋಗಿರುತ್ತದೆ. ಮ್ಯಾಗ್ನೆಟ್ ಬಟನ್ನೂ ಬೇಡ, ಉಪ್ಪುನೀರಿಗೆ ತುಕ್ಕು ಹಿಡಿದು ಟವೆಲ್ಲಿಗೆ ಕಲೆ ಬಿಡುತ್ತದೆ.

ಜಿಪ್ ಹಾಕುವುದಾದರೆ ದಪ್ಪ ಪ್ಲಾಸ್ಟಿಕ್ ಹಲ್ಲಿನ 5ನೇ ನಂಬರ್ ಜಿಪ್ ಹಾಕಿ. ಸಣ್ಣ ನೈಲಾನ್ ಸುರುಳಿಯ ಜಿಪ್‌ನಲ್ಲಿ ಮರಳು ಸಿಕ್ಕಿ ರನ್ನರ್ ನಿಂತುಬಿಡುತ್ತದೆ. ಹಲ್ಲು ಪ್ಲಾಸ್ಟಿಕ್ ಆದರೂ ಹೆಚ್ಚಿನ ರನ್ನರ್‌ಗಳು ಲೋಹದ್ದೇ ಅನ್ನುವುದು ನೆನಪಿರಲಿ. ಬೀಚಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ಅದೂ ಕೆಡುತ್ತದೆ. ಜಿಪ್ ಬ್ಯಾಗಿನ ಭಾಗದಲ್ಲಿ ಮಾತ್ರ ಇರಲಿ. ಟವೆಲ್ಲಿನ ಮೇಲೆ ಎಲ್ಲೇ ಇದ್ದರೂ ಮಲಗಿದವರಿಗೆ ಬೆನ್ನಿಗೆ ಚುಚ್ಚುತ್ತದೆ. ನನ್ನ ಆಯ್ಕೆ ಕೇಳಿದರೆ, ಬಾಯಿಗೆ ಎರಡು ಪ್ಲಾಸ್ಟಿಕ್ ಟಿಚ್ ಬಟನ್, ಒಳಗೆ ಫೋನು, ಬೀಗದ ಕೈಗೆ ಒಂದು ಸಣ್ಣ ಜಿಪ್ ಜೇಬು. ಸಾಕು.

ಬ್ಯಾಗಿನ ತಳದ ಮೂಲೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಷ್ಟು ಕೊಡವಿದರೂ ಮರಳು ಹೋಗಿ ಸೇರುವುದು ಅಲ್ಲಿಗೇ. ಎರಡೂ ಮೂಲೆಯಲ್ಲಿ ಒಂದೊಂದು ಹಿತ್ತಾಳೆ ಐಲೆಟ್ (ತೂತಿಗೆ ಕೂರಿಸುವ ಸಣ್ಣ ಬಳೆ) ಹಾಕಿದರೆ ಮರಳೂ ಉದುರುತ್ತದೆ, ತೊಳೆದ ನೀರೂ ಇಳಿಯುತ್ತದೆ.

ಪ್ರಶ್ನೆ: ನಾನು ಮಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ದುಂಡು ಟವೆಲ್ ಮಾಡಿ, ಅಂಚಿಗೆ ಲಾಡಿ ಹಾಕಿ, ಎಳೆದರೆ ಚೀಲ ಆಗುವಂತೆ ಮಾಡಬೇಕೆಂದಿದ್ದೇನೆ. ಹೇಗಿದೆ ಯೋಚನೆ?

ಉತ್ತರ: ಎತ್ತಿದ ಕೂಡಲೇ ಗಂಟುಮೂಟೆ ಆಗುವ ಸುಲಭ ನನಗೂ ಇಷ್ಟ. ಆದರೆ ಲೆಕ್ಕ ಹಾಕೋಣ. 60 ಇಂಚು ಅಡ್ಡಳತೆಯ ವೃತ್ತವನ್ನು ಚೌಕ ಬಟ್ಟೆಯಿಂದ ಕತ್ತರಿಸಿದರೆ ನೂರಕ್ಕೆ 21 ಪಾಲು ಬಟ್ಟೆ ಚೂರಾಗಿ ಹೋಗುತ್ತದೆ. ಅಂಚಿನ ಸುತ್ತಳತೆ 188 ಇಂಚು. ಅಷ್ಟೂ ಟೆರ್ರಿ ಒಂದು ಹಿಡಿಯೊಳಗೆ ನೆರಿಗೆಯಾಗಿ ಬರಬೇಕು. ದಪ್ಪ ಬಟ್ಟೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ, ಅಂಚು ಎತ್ತಿದಾಗ ಟವೆಲ್ ಮೇಲಿನ ಮರಳೆಲ್ಲ ನಡುವಿಗೆ ಜಾರಿ ಸಾಮಾನಿನ ಜೊತೆ ಚೀಲದೊಳಗೇ ಬರುತ್ತದೆ.

ಇದೇ ಆಕಾರ ಬೇಕೆಂದಿದ್ದರೆ ಚಪ್ಪಟೆ ನೇಯ್ಗೆಯ ತೆಳು ಬಟ್ಟೆ ಬಳಸಿ. ಲಾಡಿಯನ್ನು ಅಂಚಿಗೆ ಹಾಕಬೇಡಿ. ಅಂಚಿನಿಂದ 10 ಇಂಚು ಒಳಗೆ, ಕೆಳಮುಖಕ್ಕೆ, ಜಾರುವ ಪ್ಯಾರಾಶೂಟ್ ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಹಾಕಿ. ಟೆರ್ರಿಯ ಕೊಳವೆಯೊಳಗೆ ಲಾಡಿ ಸುಲಭವಾಗಿ ಓಡುವುದಿಲ್ಲ. ಒಳಗೆ ಹಾಕಿದ್ದರಿಂದ ಸುತ್ತಳತೆ 126 ಇಂಚಿಗೆ ಇಳಿಯುತ್ತದೆ. ಒಂದು ಲಾಡಿಯ ಬದಲು ಎದುರುಬದುರಾಗಿ ಎರಡು ಹಾಕಿ, ಎರಡೂ ಕಡೆಯಿಂದ ಎಳೆದರೆ ನೆರಿಗೆ ಸಮನಾಗಿ ಕೂಡುತ್ತದೆ. ಮರಳಿನ ತೊಂದರೆಗೆ ನಡುವಿನಲ್ಲಿ ಒಂದಡಿಯಷ್ಟು ಅಗಲ ಗಟ್ಟಿ ಜಾಲರಿ ಬಟ್ಟೆ ಕೂರಿಸಿ. ಕೆಳಗೆ ಉದುರಿಹೋಗುತ್ತದೆ. ಪ್ರಾಜೆಕ್ಟ್ ತೋರಿಸುವ ಮೊದಲು ಪಣಂಬೂರಿಗೋ ಸೋಮೇಶ್ವರಕ್ಕೋ ಹೋಗಿ, ನೀರಿಗಿಳಿದು, ಒದ್ದೆ ಮೈಯಲ್ಲಿ ಅದರ ಮೇಲೆ ಕೂತು, ಎತ್ತಿಕೊಂಡು ಬಸ್ಸಿನಲ್ಲಿ ವಾಪಸ್ ಬನ್ನಿ. ಕ್ಲಾಸಿನಲ್ಲಿ ಹೇಳಲು ಬೇಕಾದಷ್ಟು ವಿಷಯ ಆ ಒಂದು ಓಡಾಟದಲ್ಲೇ ಸಿಗುತ್ತದೆ.

ಪ್ರಶ್ನೆ: ನನ್ನದೊಂದು ಹೊಸ ವಿನ್ಯಾಸ ಇದೆ. ಬೇರೆಯವರು ನಕಲು ಮಾಡದ ಹಾಗೆ ನೋಂದಣಿ ಮಾಡಿಸಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಮಾಡಿಸಬಹುದು. ಆದರೆ ಯಾವುದಕ್ಕೆ ಯಾವ ರಕ್ಷಣೆ ಅನ್ನುವುದು ಗೊತ್ತಿರಲಿ. 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಣಿಯಾಗುವುದು ವಸ್ತುವಿನ ಹೊರನೋಟ ಮಾತ್ರ. ಆಕಾರ, ವಿನ್ಯಾಸದ ಗೆರೆ, ಬಣ್ಣದ ಜೋಡಣೆ ಇಂಥವು. ಮೊದಲಿಗೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ಮುಂದುವರಿಸಬಹುದು. ಟವೆಲ್ ಹೇಗೆ ಬ್ಯಾಗ್ ಆಗುತ್ತದೆ ಅನ್ನುವ ಕೆಲಸದ ಬಗೆ ಅದರಲ್ಲಿ ಬರುವುದಿಲ್ಲ, ಅದಕ್ಕೆ ಪೇಟೆಂಟ್ ಬೇಕು. ಅದರ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಟವೆಲ್ಲನ್ನು ಬ್ಯಾಗ್ ಮಾಡುವ ಯೋಚನೆ ಮಾತ್ರ ಹಳೆಯದು, ಆ ಯೋಚನೆಗೇ ಪೇಟೆಂಟ್ ಸಿಗುವುದಿಲ್ಲ. ನಿಮ್ಮ ಜೋಡಣೆಯಲ್ಲಿ ಈವರೆಗೆ ಯಾರೂ ಮಾಡದ ಒಂದು ಅಂಶ ಇರಬೇಕು.

ಬಹಳ ಮುಖ್ಯವಾದದ್ದು ಇದು: ಅರ್ಜಿ ಹಾಕುವ ಮೊದಲು ಫೋಟೋವನ್ನು ಇನ್‌ಸ್ಟಾಗ್ರಾಂಗೆ ಹಾಕಬೇಡಿ, ಮೇಳದಲ್ಲಿ ಮಾರಬೇಡಿ. ಒಮ್ಮೆ ಸಾರ್ವಜನಿಕರ ಕಣ್ಣಿಗೆ ಬಿದ್ದರೆ ಅದು ಹೊಸದು ಅನ್ನುವ ವಾದ ನಿಲ್ಲುವುದು ಕಷ್ಟ. ಹೊಲಿಯಲು ಕೊಡುವವರಿಗೂ ಗುಟ್ಟು ಕಾಪಾಡುವ ಒಪ್ಪಂದ ಬರೆಸಿಕೊಳ್ಳಿ.

ಪ್ರಶ್ನೆ: ಇಂಥ ಟವೆಲ್ ತಗೊಂಡಿದ್ದೇನೆ. ಎರಡು ದಿನ ನೇತುಹಾಕಿದರೂ ತಣ್ಣಗೆ ಒದ್ದೆಯಾಗಿಯೇ ಇರುತ್ತದೆ, ವಾಸನೆ ಬೇರೆ. ಬಟ್ಟೆ ಸರಿ ಇಲ್ಲವೇ? (ಕಾರವಾರದ ಓದುಗರು)

ಉತ್ತರ: ಬಟ್ಟೆಯ ತಪ್ಪಲ್ಲ, ಉಪ್ಪಿನದ್ದು. ಸಮುದ್ರದ ನೀರು ಆರಿದ ಮೇಲೂ ನೂಲಿನಲ್ಲಿ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕರಾವಳಿಯ ಹವೆಯಲ್ಲಿ ಕೇಳಬೇಕೇ. ಮೊದಲು ಹಾಗೇ ಒಣಗಿಸಿ, ಮರಳು ಕೊಡವಿ. ಒಣ ಟವೆಲ್ಲಿನಿಂದ ಮರಳು ಬೇಗ ಬಿಡುತ್ತದೆ. ಆಮೇಲೆ ಎರಡು ಬಕೆಟ್ ಸಿಹಿನೀರಿನಲ್ಲಿ ಅದ್ದಿ ತೆಗೆದು, ಬ್ಯಾಗಿನ ಭಾಗವನ್ನು ಒಳಹೊರಗು ಮಾಡಿ, ಬಿಸಿಲಿಗೆ ಹಾಕಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಡಿಷನರ್ ಬೇಡ, ಅದು ನೂಲಿಗೆ ಅಂಟಿ ನೀರು ಹೀರುವ ಗುಣವನ್ನೇ ಕಡಿಮೆ ಮಾಡುತ್ತದೆ. ಲೇಪದ ಬಟ್ಟೆಗೆ ಇಸ್ತ್ರಿಯನ್ನೂ ತಾಗಿಸಬೇಡಿ.