ವೈಟ್ ಬೋರ್ಡ್ ಕಾರು ಯಾಕೆ ಅಗ್ಗ?

ಮೈಸೂರಿನಿಂದ ಎಚ್.ಡಿ. ಕೋಟೆ, ಬಾವಲಿ ಮೇಲೆ ಕೇರಳದ ಮಾನಂದವಾಡಿಗೆ ಬಾಡಿಗೆ ಕಾರು ಕೇಳಿದರೆ ಒಬ್ಬೊಬ್ಬರು ಒಂದೊಂದು ರೇಟು ಹೇಳುತ್ತಾರೆ, ಯಾಕೆ ಅಂತ ಕೇಳಿದ್ದೀರಿ. ನಾನು ಕೋಟೆ ಕಡೆಯವನು. ನಮ್ಮಲ್ಲಿ ಇದು ಗುಟ್ಟೇನಲ್ಲ. ಜಾಸ್ತಿ ಹೇಳಿದವನದು ಎಲ್ಲೋ ಬೋರ್ಡ್, ಅಂದರೆ ಹಳದಿ ನಂಬರ್ ಪ್ಲೇಟಿನ ಟ್ಯಾಕ್ಸಿ; ಕಮ್ಮಿ ಹೇಳಿದವನದು ವೈಟ್ ಬೋರ್ಡ್, ಅಂದರೆ ಬಿಳಿ ಪ್ಲೇಟಿನ ಸ್ವಂತ ಬಳಕೆಯ ಕಾರು.

ಬಾಡಿಗೆ ಗಾಡಿ ಅಂದರೆ ಪರ್ಮಿಟ್ ಬೇಕು, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಬೇಕು. ಅದರ ಮೇಲೆ ಇನ್ಶೂರೆನ್ಸ್. ಥರ್ಡ್ ಪಾರ್ಟಿ ಇನ್ಶೂರೆನ್ಸ್, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟಕ್ಕೆ ಮಾಡಿಸುವ ವಿಮೆ, ಇಲ್ಲದೆ ಯಾವ ಗಾಡಿಯೂ ರೋಡಿಗೆ ಇಳಿಯುವಂತಿಲ್ಲ, ಅದು 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆದರೆ ಕಟ್ಟುವ ದುಡ್ಡು ಒಂದೇ ಅಲ್ಲ. 2022ರ ಜೂನ್‌ನಲ್ಲಿ ಬಂದ ದರ ನೋಡಿ: 1,200 ಸಿಸಿ ಕಾರು ಮನೆ ಬಳಕೆಗಾದರೆ ಥರ್ಡ್ ಪಾರ್ಟಿಗೆ 3,416 ರೂಪಾಯಿ. ಅದೇ ಕಾರು ಟ್ಯಾಕ್ಸಿ ಆದರೆ 7,940, ಜೊತೆಗೆ ಒಬ್ಬೊಬ್ಬ ಪ್ಯಾಸೆಂಜರ್‌ಗೆ 978. ನಾಲ್ಕು ಜನಕ್ಕೆ ಹತ್ತಿರ ಹತ್ತಿರ 12 ಸಾವಿರ, ಜಿಎಸ್‌ಟಿ ಬೇರೆ. ದಿನವಿಡೀ ಓಡುವ ಗಾಡಿ, ದುಡ್ಡು ಕೊಟ್ಟು ಕೂತವರ ಹೊಣೆಯೂ ಕಂಪನಿ ಮೇಲೆ. ಜಾಸ್ತಿ ಆಗಲೇಬೇಕು ಅಲ್ವಾ?

ವೈಟ್ ಬೋರ್ಡಿನವನಿಗೆ ಈ ತಾಪತ್ರಯ ಇಲ್ಲ. ಕಾಡು ಶುರುವಾಗುವ ಹೊತ್ತಿಗೆ ಹಿಂದೆ ತಿರುಗಿ, "ಸಾರ್, ಚೆಕ್‌ಪೋಸ್ಟಲ್ಲಿ ಕೇಳಿದ್ರೆ ನೆಂಟರು ಅಂತ ಹೇಳ್ಬಿಡಿ" ಎನ್ನುತ್ತಾನೆ. ತನ್ನ ಹೆಸರನ್ನೂ ಆಗಲೇ ಹೇಳಿಕೊಡುತ್ತಾನೆ. ನೆಂಟನ ಹೆಸರು ಗೊತ್ತಿಲ್ಲ ಅಂದರೆ ಹೇಗೆ!

ಪೊಲೀಸರು ಸುಮ್ನೆ ಬಿಟ್ಟರೂ ಬಿಡಬಹುದು. ಇನ್ಶೂರೆನ್ಸ್ ಕಂಪನಿ ಬಿಡುವುದಿಲ್ಲ. ಬಾಡಿಗೆಗೆ ಓಡಿಸಬಾರದು ಅಂತ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಆಕ್ಸಿಡೆಂಟ್ ಆದರೆ ನೀವು ಫೋನ್‌ಪೇ ಮಾಡಿದ ಅಡ್ವಾನ್ಸೇ ಸಾಕ್ಷಿ. ಆಗ ಕಾರಿನ ರಿಪೇರಿ ಕ್ಲೇಮ್ ಕೈಬಿಟ್ಟಂತೆಯೇ. ರಸ್ತೆಯಲ್ಲಿ ಹೋಗುತ್ತಿದ್ದವರಿಗೆ ಪೆಟ್ಟಾದರೆ, ಮೊದಲು ಕಂಪನಿ ಕೊಡಲಿ, ಆಮೇಲೆ ಓನರ್ ಹತ್ತಿರ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಎಷ್ಟೋ ಸಲ ಹೇಳುತ್ತದೆ. ಒಳಗೆ ಕೂತ ನಿಮ್ಮ ವಿಷಯದಲ್ಲಿ ಮಾತ್ರ ಜಗ್ಗಾಟ ತಪ್ಪಿದ್ದಲ್ಲ. ಓನರ್ ಕೊಡಲಿ ಅಂದರೆ, ಆ ಕಾರೇ ಸಾಲ ಮಾಡಿ ತಂದದ್ದು.

ಎಲ್ಲೋ ಬೋರ್ಡ್ ಆದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ನಮ್ಮ ಕಡೆಯಿಂದ ಕೊಡಗು, ವಯನಾಡಿನ ತೋಟದ ಕೆಲಸಕ್ಕೆ ಜನ ಜೀಪಿನಲ್ಲಿ ಹೋಗುತ್ತಾರೆ. ಒಳಗೆ ಮಂಡಿಗೆ ಮಂಡಿ ತಾಗಿಸಿ ಕೂತಿರುತ್ತಾರೆ, ಹಿಂದೆ ಫುಟ್‌ಬೋರ್ಡ್ ಮೇಲೆ ಇನ್ನಿಬ್ಬರು, ಬುತ್ತಿ ಚೀಲ ಕಂಬಿಗೆ ನೇತಾಡುತ್ತಿರುತ್ತದೆ. ಇನ್ಶೂರೆನ್ಸ್ ಇರುವುದು ಪರ್ಮಿಟ್‌ನಲ್ಲಿ ಬರೆದಿರುವಷ್ಟು ಜನಕ್ಕೆ. ಕಂಪನಿಯ ಹೊಣೆ ಅಷ್ಟಕ್ಕೇ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಮಂಡ್ಯ ಕಡೆ ಮದುವೆಗೆ, ಜಾತ್ರೆಗೆ ಗೂಡ್ಸ್ ಟೆಂಪೋ ಹತ್ತುತ್ತಾರಲ್ಲ, ಅದು ಇದಕ್ಕಿಂತ ಕಡೆ. ಸಾಮಾನಿನ ಗಾಡಿಯಲ್ಲಿ ಸುಮ್ನೆ ಹತ್ತಿ ಕೂತವರಿಗೆ ಕಂಪನಿ ಜವಾಬ್ದಾರಿಯೇ ಅಲ್ಲ.

ನೀವು ಬುಕ್ ಮಾಡುವ ಮುಂಚೆ ಗಾಡಿ ನಂಬರ್ ಕೇಳಿ, ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಇನ್ಶೂರೆನ್ಸ್, ಎಫ್‌ಸಿ ಯಾವಾಗಿನವರೆಗೆ ಇದೆ ಅಂತ ಅದರಲ್ಲೇ ಸಿಗುತ್ತದೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಗಾಬರಿ ಬೇಡ, ಅದು ನೀವೇ ಓಡಿಸುವ ಬಾಡಿಗೆ ಕಾರು. ಇನ್ನೊಂದು ಮಾತು: ಬಾವಲಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿದ ಕೂಡಲೇ ಮೈಸೂರು ಬಿಡಿ.