ಡ್ರ್ಯಾಗನ್ ಎಲ್ಲಿ ನೀರು ಕುಡಿಯಿತು?

ಪ್ರಿಯ ತಮ್ಮಾ,

ವಯಸ್ಸಿನಲ್ಲಿ ನೀವು ನನ್ನ ಮಗನಿಗಿಂತ ಸಣ್ಣವರು, ಅದಕ್ಕೇ ತಮ್ಮಾ ಅಂದೆ. ಆದರೆ ಐನೂರ ನಲವತ್ತು ಹಾಳೆ ಕೂತು ಬರೆದವರಿಗೆ ‘ನೀನು’ ಅನ್ನಲು ನನಗೆ ನಾಲಗೆ ಏಳುವುದಿಲ್ಲ. ಹಾಗಾಗಿ ಮುಂದೆಲ್ಲ ನೀವು.

ನಿಮ್ಮ ಡ್ರ್ಯಾಗನ್ ಕಥೆಯ ಎರಡನೇ ಸಂಪುಟ ಹೋದ ತಿಂಗಳು ವಿಜಯಪುರದ ನಮ್ಮ ಪ್ರಕಾಶನಕ್ಕೆ ಬಂದು ಮುಟ್ಟಿತು. ಮೊದಲನೆಯದನ್ನು ನೀವೇ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದಾಗ ಕೊಂಡು ಓದಿದ್ದೆ. ತತ್ತಿ ಒಡೆದು ಡ್ರ್ಯಾಗನ್ ಮರಿ ಧೂಮಕೇತ ಹೊರಬರುವ ಅಧ್ಯಾಯ ಇನ್ನೂ ನೆನಪಿದೆ. ಇದರಲ್ಲೂ ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪು ಕಡಿಮೆ, ಅಜ್ಜಿಯ ಪಾತ್ರ ಚಲೋ ಬಂದಿದೆ. ಹೊಗಳಿಕೆ ಇಲ್ಲಿಗೆ ಮುಗಿಯಿತು. ಓದಿ ಮುಗಿಸಿ ಎರಡು ದಿನ ಮೇಜಿನ ಮೇಲೆ ಬೋರಲು ಹಾಕಿ ಇಟ್ಟಿದ್ದೆ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಅಂತ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಜಮಖಂಡಿ ಕಡೆಯ ಹುಡುಗ ಹಿಮದ ನಾಡು, ಪೈನ್ ಮರದ ಕಾಡು ಎಲ್ಲಿ ಕಂಡ ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುರುಕ್ಷೇತ್ರ ಬರೆದವನನ್ನು ಎದೆಗೆ ಹಚ್ಚಿಕೊಂಡ ನಾಡು ನಮ್ಮದು. ಕಣ್ಣಿಂದ ಕಂಡದ್ದನ್ನೇ ಬರೆಯಬೇಕೆಂಬ ಕರಾರು ಇಲ್ಲ. ಮೊದಲ ಅರವತ್ತೆರಡು ಪುಟ ಹಿಂದಿನ ಸಂಪುಟದ ಕಥೆಯನ್ನೇ ಟಿವಿ ಧಾರಾವಾಹಿಯ ಹಾಗೆ ಮತ್ತೆ ಹೇಳಿದ್ದೀರಿ. ಅದನ್ನು ಕತ್ತರಿಸಿದರಾಯಿತು, ದೊಡ್ಡ ಮಾತಲ್ಲ. ನನಗೆ ಮುಳ್ಳು ಚುಚ್ಚಿದ್ದು 214ನೇ ಪುಟದಲ್ಲಿ. ನೀವು ಬರೆದದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ:

‘ಮೂರು ಹಗಲು ಮೂರು ರಾತ್ರಿ ಧೂಮಕೇತ ಎಡೆಬಿಡದೆ ಹಾರಿತು. ಬೆನ್ನ ಮೇಲೆ ಏಳು ಜನ. ಕೆಳಗೆ ಭಯಂಕರ ಕಣಿವೆ. ಅದರ ಭಯಂಕರ ಬಾಯಿಂದ ಭಯಂಕರ ಜ್ವಾಲೆ ಚಿಮ್ಮಿ ಶತ್ರುವಿನ ಹತ್ತು ಸಾವಿರ ಸೈನ್ಯ ಕ್ಷಣಾರ್ಧದಲ್ಲಿ ಭಸ್ಮವಾಯಿತು. ಚಿತ್ಕಲೆ ನಿಟ್ಟುಸಿರು ಬಿಟ್ಟಳು. ಅವಳ ಕಣ್ಣಂಚಿನಲ್ಲಿ ಒಂದು ಹನಿ.’

ಮೂರು ಹಗಲು ಮೂರು ರಾತ್ರಿ. ಏನು ತಿಂದಿತು? ಎಲ್ಲಿ ನೀರು ಕುಡಿಯಿತು? ಮೊದಲ ಸಂಪುಟದಲ್ಲಿ ಇದೇ ಧೂಮಕೇತ ಮರಿ ಇದ್ದಾಗ ದಿನಕ್ಕೊಂದು ಟಗರು ತಿನ್ನುತ್ತಿತ್ತು. ಕುರಿ ಕೊಟ್ಟು ಕೊಟ್ಟು ಸಾಕಾದ ಊರವರು ಚಿತ್ಕಲೆಯ ಮನೆ ಮುಂದೆ ಜಗಳಕ್ಕೆ ನಿಂತಿದ್ದರು. ಎಷ್ಟು ಚೆಂದದ ಜಗಳ ಅದು! ಈಗ ಆನೆಗಿಂತ ದೊಡ್ಡದಾಗಿ ಬೆಳೆದಿದೆ, ಇಡೀ ಸಂಪುಟದಲ್ಲಿ ಅದರ ಬಾಯಿಗೆ ಒಂದು ತುತ್ತು ಬಿದ್ದಿಲ್ಲ. ಶ್ರಾವಣ ಸೋಮವಾರದ ಉಪವಾಸವೇನು? ನಮ್ಮ ಕಡೆ ಬೇಸಿಗೆಯಲ್ಲಿ ಒಂದು ಎತ್ತಿಗೆ ದಿನಕ್ಕೆ ಮೂರು ನಾಲ್ಕು ಕೊಡ ನೀರು ಬೇಕು. ಇದು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡ ಪ್ರಾಣಿ. ಒಂದು ಕೆರೆಗೆ ಇಳಿಯಿತು ಅನ್ನಿ, ಕೆರೆ ಅರ್ಧ ಖಾಲಿಯಾಯಿತು, ಕೆಳಗಿನ ಊರಿನ ಹೆಂಗಸರು ಬರಿ ಕೊಡ ಹೊತ್ತು ತಿರುಗಿದರು ಅನ್ನಿ. ಅಲ್ಲಿಗೆ ನಿಮಗೆ ಒಂದು ಹೊಸ ಅಧ್ಯಾಯವೇ ಸಿಕ್ಕಿತು.

ಬೆನ್ನ ಮೇಲೆ ಏಳು ಜನ. ಅವರಲ್ಲಿ ಒಬ್ಬಳು ಎಪ್ಪತ್ತು ದಾಟಿದ ಅಜ್ಜಿ. ಸೊಲ್ಲಾಪುರದ ಬಸ್ಸು ಹತ್ತಿದರೆ ನಮ್ಮ ಸೋದರತ್ತೆ ಎರಡು ಕಡೆ ಇಳಿಸಲೇಬೇಕು ಅನ್ನುತ್ತಿದ್ದಳು. ನಿಮ್ಮ ಅಜ್ಜಿ ಮೂರು ದಿನ ಹೇಗೆ ತಡೆದಳೋ.

ಇನ್ನು ‘ಭಯಂಕರ’. ಈ ಒಂದು ಪುಟದಲ್ಲಿ ಎಣಿಸಿದೆ, ಒಟ್ಟು ಹನ್ನೊಂದು ಸಲ ಬಂದಿದೆ. ಜೊತೆಗೆ ಭೀಕರ, ಭಸ್ಮ, ಭೋರ್ಗರೆತ. ನನಗೆ ತಟ್ಟನೆ ‘ಭ’ ಖಾನೆ ನೆನಪಾಯಿತು.

ನಾನು ಈ ಕಸುಬಿಗೆ ಬಂದದ್ದು ಕಂಪೋಜಿಟರ್ ಆಗಿ, ಹದಿನಾರನೇ ವಯಸ್ಸಿನಲ್ಲಿ. ಆಗ ಊರಿಗೆ ವಿಜಾಪುರ ಅಂತಲೇ ಹೆಸರು. ವಿಜಯಪುರ ಆದದ್ದು 2014ರಲ್ಲಿ. ಸೀಸದ ಅಚ್ಚುಮೊಳೆಗಳ ಕಾಲ. ಮರದ ಕೇಸಿನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಖಾನೆ, ಒತ್ತಕ್ಷರಗಳಿಗೆ ಬೇರೆ. ಎಡಗೈಯಲ್ಲಿ ಸ್ಟಿಕ್ಕು, ಬಲಗೈಯಿಂದ ಮೊಳೆ ಆರಿಸಿ ತಲೆಕೆಳಗಾಗಿ ಜೋಡಿಸಬೇಕು. ಇದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಮನೆ ಮಾರಿಕೊಂಡು ವಚನಗಳನ್ನು ಅಚ್ಚು ಮಾಡಿದವರು. ನಮ್ಮ ಮಾಲಕರಿಗೆ ಆ ಮಾತು ಬಾಯಿಪಾಠ. ಒಂದು ಮೊಳೆ ನೆಲಕ್ಕೆ ಬಿದ್ದರೆ ಸಾಕು, ‘ಹಳಕಟ್ಟಿಯವರು ಮನಿ ಮಾರಿದ್ದು ಇದಕ್ಕೇನಲೇ?’ ಅಂತ ಶುರು.

ನಾನು ಕೆಡವಿದ್ದು ಒಂದು ಮೊಳೆಯಲ್ಲ. ಒಬ್ಬರ ಪತ್ತೇದಾರಿ ಕಾದಂಬರಿಯ ಹದಿನಾರು ಪುಟದ ಮೊಳೆ ಜೋಡಿಸಿ ಬಿಗಿದ ಫರ್ಮಾ ಎತ್ತಿ ಕೊಡುವಾಗ ಕೈ ಜಾರಿತು. ಸಾವಿರಾರು ಮೊಳೆ ಕಡಪಾ ಕಲ್ಲಿನ ನೆಲದ ತುಂಬ. ಆ ರಾತ್ರಿ ಮನೆಗೆ ಹೋಗಲಿಲ್ಲ. ಒಂದೊಂದೇ ಹೆಕ್ಕಿ, ಬೆಳಕಿಗೆ ಹಿಡಿದು, ಆಯಾ ಖಾನೆಗೆ ಹಾಕುತ್ತ ಕೂತೆ. ನಸುಕಿನಲ್ಲಿ ಮಾಲಕರು ಬಂದು ನೋಡಿದರೆ ಕೇಸಿನ ಎಲ್ಲ ಖಾನೆಗಳೂ ಸರಿ, ‘ಭ’ದ್ದು ಮಾತ್ರ ತುಂಬಿ ಹೊರಗೆ ಚೆಲ್ಲುತ್ತಿತ್ತು. ಒಂದು ಹಿಡಿ ಕೈಗೆ ತಗೊಂಡು ತೂಗಿ ನೋಡಿ ಅಂದರು: ‘ಪಾವ್ ಕಿಲೋ ಭಯ ಐತಿ ನೋಡಪಾ. ಓದಿದ್ರ ಒಂದ ಗುಂಜಿ ಅಂಜಿಕಿ ಬರೂದಿಲ್ಲ.’

ಮುಂದೆ ಕೆಲ ವರ್ಷಕ್ಕೆ ನಾನೂ ಒಂದು ಕಾದಂಬರಿ ಬರೆದೆ. ಆದಿಲಶಾಹಿ ಕಾಲದ್ದು, ಅದೂ ಎರಡು ಭಾಗ. ಎರಡನೇ ಭಾಗದಲ್ಲಿ ನನ್ನ ನಾಯಕ ಗುಪ್ತ ಪತ್ರ ಹಿಡಿದು ವಿಜಾಪುರದಿಂದ ಸೊಲ್ಲಾಪುರಕ್ಕೆ ಒಂದೇ ಕುದುರೆಯ ಮೇಲೆ ರಾತ್ರೋರಾತ್ರಿ ಹೋಗುತ್ತಾನೆ. ನೂರು ಕಿಲೋಮೀಟರ್ ಹಾದಿ. ಮಾಲಕರು ಅಂಗಡಿ ಮುಚ್ಚಿ, ಕನ್ನಡಕ ಏರಿಸಿ, ಚಹಾ ತಣ್ಣಗಾದರೂ ಬಿಡದೆ ಓದಿದರು. ನಾನು ಎದುರಿಗೆ ನಿಂತು ಉಗುರು ಕಚ್ಚುತ್ತಿದ್ದೆ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಲೇ ತಮ್ಮಾ, ನಿನ್ನ ಕುದುರಿ ಎಲ್ಲಿ ನೀರ ಕುಡೀತು?’ ನಾನು ಕಕ್ಕಾಬಿಕ್ಕಿ. ‘ನಡುವ ಧೂಳಖೇಡದ ಹಂತ್ಯಾಕ ಭೀಮಾ ಹೊಳಿ ಐತಿ. ಹೊಳಿ ದಾಟಿದ್ದೂ ಬರದಿಲ್ಲಲೋ. ಹಾರಿ ಹೋತೇನು?’

ಆ ಕಾದಂಬರಿ ಅಚ್ಚಾಗಲಿಲ್ಲ. ನನಗೆ ಆಗ ಬಂದ ಸಿಟ್ಟು ಹೇಳತೀರದು. ಎಂಟು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ನೀವೂ ಬಿಡಬಹುದು, ನಡೆಯುತ್ತದೆ.

ಮುಂದಿನ ವಾಕ್ಯಕ್ಕೆ ಬರೋಣ. ಹತ್ತು ಸಾವಿರ ಸೈನ್ಯ ಕ್ಷಣಾರ್ಧದಲ್ಲಿ ಭಸ್ಮ. ತಮ್ಮಾ, ನೀವು ಕಬ್ಬಿನ ನಾಡಿನವರು. ಕಟಾವು ಮುಗಿದ ಹೊಲದಲ್ಲಿ ಕಬ್ಬಿನ ಒಣ ಎಲೆ, ರವದಿಗೆ ಬೆಂಕಿ ಹಚ್ಚಿದ ಸಂಜೆ ನಿಮ್ಮ ಅವ್ವ ಹಗ್ಗದ ಮೇಲಿನ ಅರಿವೆ ಒಳಗೆ ತಂದಿಲ್ಲವೇ? ಕರಿ ಬೂದಿ ಎಳೆ ಎಳೆಯಾಗಿ ಅಂಗಳಕ್ಕೆ ಇಳಿಯುತ್ತದೆ, ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಮೆತ್ತುತ್ತದೆ, ಹಾಲಿನ ಪಾತ್ರೆಯೊಳಗೂ ಬೀಳುತ್ತದೆ. ಒಂದು ಎಕರೆ ರವದಿ ಸುಟ್ಟರೆ ಇಷ್ಟು. ಹತ್ತು ಸಾವಿರ ಮನುಷ್ಯರು, ಅವರ ಕುದುರೆ, ಚರ್ಮದ ಜೀನು, ಡೇರೆ, ರೇಷನ್ನು ಎಲ್ಲ ಸುಟ್ಟ ಮೇಲೆ ನಿಮ್ಮ ಪುಟದಲ್ಲಿ ಹೊಗೆಯಿಲ್ಲ, ನಾತವಿಲ್ಲ, ಯಾರೂ ಕೆಮ್ಮುವುದಿಲ್ಲ. ಮರುದಿನ ಮುಂಜಾನೆ ಚಿತ್ಕಲೆ ರೊಟ್ಟಿ ಮುರಿದು ತಿನ್ನುತ್ತಾಳೆ. ಅವಳ ಕಣ್ಣಂಚಿನ ಆ ಒಂದು ಹನಿ ಯಾರಿಗಾಗಿ ಬಂತೋ ನನಗೆ ತಿಳಿಯಲಿಲ್ಲ. ಅದನ್ನು ತೆಗೆದುಬಿಡಿ. ಅದರ ಬದಲು ಅವಳ ಜಡೆಯಲ್ಲಿ ಸಿಕ್ಕಿಕೊಂಡ ಬೂದಿಯನ್ನು ಅಜ್ಜಿ ಬಾಚಿ ತೆಗೆಯಲಿ, ಮಾತಿಲ್ಲದೆ.

ನಿಮ್ಮ ಪತ್ರದಲ್ಲಿ ಬರೆದಿದ್ದೀರಿ, ಸಕ್ಕರೆ ಕಾರ್ಖಾನೆಯ ವೇಬ್ರಿಜ್ಜಿನಲ್ಲಿ ಕೆಲಸ ಅಂತ. ಅದನ್ನು ಓದಿದಾಗಲೇ ನನಗೆ ಹೆಚ್ಚು ಕಿರಿಕಿರಿಯಾದದ್ದು. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಳಗೆ ಬಂದಾಗ ಒಂದು ತೂಕ, ಇಳಿಸಿ ಖಾಲಿ ಹೊರಟಾಗ ಒಂದು ತೂಕ. ಎರಡರ ನಡುವಿನ ಅಂತರವೇ ರೈತನ ಬಿಲ್ಲು. ಈ ಲೆಕ್ಕವನ್ನು ಸೀಸನ್ ತುಂಬ, ರಾತ್ರಿ ಪಾಳಿಯಲ್ಲೂ ನೋಡುವವರು ನೀವು. ನಿಮ್ಮ ಚಿತ್ಕಲೆ ಎರಡನೇ ಸಂಪುಟದ ಒಳಗೆ ಬಂದಾಗಿನ ತೂಕ ಎಷ್ಟು, 540ನೇ ಹಾಳೆಯಲ್ಲಿ ಹೊರಬೀಳುವಾಗ ಎಷ್ಟು ಎಂದು ನೋಡಿದಿರಾ? ನಾನು ನೋಡಿದೆ. ಗ್ರಾಮಿನಷ್ಟೂ ಹೆಚ್ಚುಕಡಿಮೆ ಇಲ್ಲ. ಹಾಗಾದರೆ ಕಬ್ಬು ಎಲ್ಲಿ ಇಳಿಸಿದಿರಿ? ಮೊದಲ ಸಂಪುಟದಲ್ಲಿ ಕತ್ತಿ ಸಿಕ್ಕಿತು, ಮೂರನೆಯದರಲ್ಲಿ ಯುದ್ಧ ಆಗುವುದಿದೆ. ಇದರಲ್ಲಿ ಅವರು ಬರೀ ಹೋಗುತ್ತಾರೆ. ಹೋಗುತ್ತಾರೆ, ಇಳಿಯುತ್ತಾರೆ, ಮತ್ತೆ ಹೋಗುತ್ತಾರೆ.

‘ಫ್ಯಾಂಟಸಿ ಅಂದಮೇಲೆ ಮೂರು ಸಂಪುಟ ಇರಲೇಬೇಕಲ್ಲ ಸರ್’ ಎಂದೂ ಬರೆದಿದ್ದೀರಿ. ಆ ರೂಢಿಗೆ ದೊಡ್ಡ ಕಾರಣ ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್. ಅವರು ಬರೆದದ್ದು ಒಂದೇ ದೊಡ್ಡ ಕಾದಂಬರಿ. ಮಹಾಯುದ್ಧದ ನಂತರದ ಕಾಗದದ ಬೆಲೆಗೆ ಅಂಜಿ ಪ್ರಕಾಶಕರು 1954-55ರಲ್ಲಿ ಅದನ್ನು ಮೂರು ಮಾಡಿ ತಂದರು. ಪ್ರಕಾಶಕರ ಸಂಕಟ ಆಮೇಲೆ ಬರೆಯುವವರ ಶಾಸ್ತ್ರವಾಯಿತು. ನಾನೂ ಪ್ರಕಾಶಕನೇ, ಕಾಗದದ ಸಂಕಟ ನನಗೂ ಗೊತ್ತು. ನಿಮ್ಮ ಕಥೆಗೆ ನಿಜವಾಗಿ ಎಷ್ಟು ಸಂಪುಟ ಬೇಕು ಅನ್ನುವುದನ್ನು ನೀವೇ ನೋಡಿಕೊಳ್ಳಿ.

ನಡುವಿನ ಭಾಗ ಅಂದರೆ ಸಪ್ಪೆ ಎಂದು ಯಾರು ಹೇಳಿದರು? ನನ್ನ ಸಣ್ಣಂದಿನಲ್ಲಿ ನಮ್ಮ ಹಳ್ಳಿಯಲ್ಲಿ ಮಳೆ ಕೈಕೊಟ್ಟರೆ ಹನಮಪ್ಪನ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದರು. ಓದಿಸಿದರೆ ಮಳೆ ಬರುತ್ತದೆ ಅಂತ ನಂಬಿಗೆ. ಜೂಜು ಹಿಂದೆ ಆಗಿ ಹೋಗಿದೆ, ಕುರುಕ್ಷೇತ್ರ ಇನ್ನೂ ದೂರ ಇದೆ. ನಡುವೆ ಒಂದು ವರ್ಷ ಮುಖ ಮುಚ್ಚಿಕೊಂಡು ಇರಬೇಕು, ಅಷ್ಟೇ. ಆದರೂ ಮಂದಿ ಕಂದೀಲಿನ ಬೆಳಕಿನಲ್ಲಿ ಕದಲದೆ ಕೂತಿರುತ್ತಿದ್ದರು. ಯಾಕೆ? ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ಭೀಮ ಅಡಿಗೆ ಮನೆಯಲ್ಲಿ ಸೌಟು ಹಿಡಿಯಬೇಕು, ಅರ್ಜುನ ಹುಡುಗಿಯರಿಗೆ ಕುಣಿತ ಕಲಿಸಬೇಕು. ತುಂಬಿದ ಸಭೆಯಲ್ಲಿ ಕೀಚಕ ದ್ರೌಪದಿಯನ್ನು ಒದ್ದಾಗ ಧರ್ಮರಾಯ ಕಂಕಭಟ್ಟನಾಗಿ ಸುಮ್ಮನೆ ಕೂರಬೇಕು. ಓದುವ ಅಜ್ಜ ಅಲ್ಲಿ ಒಂದು ಗಳಿಗೆ ನಿಲ್ಲಿಸುತ್ತಿದ್ದ. ಹೆಂಗಸರ ಕಡೆಯಿಂದ ಬಳೆ ಸಪ್ಪಳವೂ ಬರುತ್ತಿರಲಿಲ್ಲ. ನಿಮ್ಮ ಏಳು ಜನ 540 ಹಾಳೆಯಲ್ಲಿ ಒಮ್ಮೆಯಾದರೂ ಹಲ್ಲು ಕಚ್ಚಿ ಸುಮ್ಮನಿರಬೇಕಾಯಿತೇ? ಅಡ್ಡ ಬಂದವರನ್ನೆಲ್ಲ ಧೂಮಕೇತ ಸುಟ್ಟುಬಿಡುತ್ತದೆ. ಎಲ್ಲವನ್ನೂ ಸುಡುವ ಪ್ರಾಣಿ ಪಕ್ಕದಲ್ಲಿದ್ದರೆ ಉತ್ತರಕುಮಾರನೂ ಒಲೆ ಬಿಟ್ಟು ಏಳುತ್ತಾನೆ.

ಸುಡುವುದಕ್ಕೆ ಏನು ಬೆಲೆ ಬೀಳುತ್ತದೆ ಅನ್ನುವುದನ್ನು ನೀವು ವಿಜಯಪುರಕ್ಕೆ ಬಂದಾಗ ತೋರಿಸುತ್ತೇನೆ. ಗೋಳಗುಮ್ಮಟ ನೋಡಿರುತ್ತೀರಿ, ಎಲ್ಲರೂ ಅಲ್ಲಿ ಕೂಗಿ ಬರುತ್ತಾರೆ. ನಾವು ಶೇರ್ಜಾ ಬುರುಜಿಗೆ ಹೋಗೋಣ, ಮಲಿಕ್-ಎ-ಮೈದಾನ್ ತೋಪಿನ ಹತ್ತಿರ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಅದರ ಬಾಯಿಯೇ ಒಂದು ಘಟಸರ್ಪ. ಸಿಂಹವೋ ಮಕರವೋ, ದವಡೆ ತೆರೆದಿದೆ, ಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿ ನುಗ್ಗಾಗುತ್ತಿದೆ. ಇದನ್ನು ಇಲ್ಲಿಗೆ ಎಳೆತರಲು ನಾನೂರು ಎತ್ತು, ಹತ್ತು ಆನೆ, ನೂರಾರು ಆಳು ಬೇಕಾದವು ಅನ್ನುತ್ತಾರೆ. ನಾನೂರು ಎತ್ತಿಗೆ ದಿನಕ್ಕೆ ಎಷ್ಟು ಕೊಡ ನೀರು ಎಂದು ನಾನು ಈಗಲೂ ಅಲ್ಲಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ, ನಮ್ಮ ಮಾಲಕರು ಅಂಟಿಸಿ ಹೋದ ಚಾಳಿ. ತೋಪಿನ ಪಕ್ಕದಲ್ಲೇ ಒಂದು ನೀರಿನ ತೊಟ್ಟಿ ಇದೆ. ಬತ್ತಿಗೆ ಬೆಂಕಿ ಮುಟ್ಟಿಸಿದ ಗೋಲಂದಾಜ ಸಪ್ಪಳದಿಂದ ಕಿವಿ ಉಳಿಸಿಕೊಳ್ಳಲು ಅದರೊಳಗೆ ಮುಳುಗುತ್ತಿದ್ದನಂತೆ. ಶತ್ರುವಿನ ಗತಿ ಆಮೇಲೆ, ಮೊದಲು ಹಚ್ಚಿದವನೇ ಜೀವ ಉಳಿಸಿಕೊಳ್ಳಬೇಕು. ನಿಮ್ಮ ಚಿತ್ಕಲೆ ಆ ತೊಟ್ಟಿಯ ದಂಡೆಯ ಮೇಲೆ ನಿಂತದ್ದನ್ನು ನಾನು ಓದಬೇಕು. ಅಂದಹಾಗೆ 1854ರಲ್ಲಿ ಇಂಗ್ಲಿಷರು ಇದೇ ತೋಪನ್ನು ಹರಾಜಿಗೆ ಹಾಕಿದರೆ ಬಂದ ಹೆಚ್ಚಿನ ಸವಾಲು ನೂರೈವತ್ತು ರೂಪಾಯಿ. ಮುದಿಯಾದ ಡ್ರ್ಯಾಗನ್ನಿನ ಕಥೆ ಬರೆಯುವುದಿದ್ದರೆ ಇಟ್ಟುಕೊಳ್ಳಿ.

ಹಸ್ತಪ್ರತಿ ತಿರುಗಿ ಕಳಿಸೋಣವೆಂದು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. ಎರಡೂವರೆ ಕಿಲೋದ ಮೇಲೆ ಆಯಿತು. ಅಂಚೆ ಖರ್ಚು ಯಾಕೆ, ಕಾರ್ಖಾನೆಯ ಸೀಸನ್ ಮುಗಿದ ಮೇಲೆ ನೀವೇ ಬಂದು ಒಯ್ಯಿರಿ. 214ನೇ ಹಾಳೆ ಮಾತ್ರ ಅದರಲ್ಲಿ ಇರುವುದಿಲ್ಲ, ಅದರ ಮೇಲೆ ಕೆಂಪು ಶಾಯಿಯಲ್ಲಿ ಬಹಳ ಗೀಚಿದ್ದೇನೆ. ಬೇರೆ ಬರೆದುಕೊಂಡು ಬನ್ನಿ.

ನಿಮ್ಮ,
ಸಂಪಾದಕ