ಅಮೆರಿಕಾರ್ಪ್ಸ್ ಅನುದಾನದಲ್ಲಿ ಚಾವಣಿ ಸಾಮಾನೂ ಬರುತ್ತಾ?

ಬಡವರ ಮನೆ ರಿಪೇರಿಗೆ ಅಮೆರಿಕಾರ್ಪ್ಸ್ (ಅಮೆರಿಕದ ಫೆಡರಲ್ ಸರ್ಕಾರದ ಸಮುದಾಯ ಸೇವಾ ಸಂಸ್ಥೆ) ಅನುದಾನ ಸಿಕ್ಕರೆ ಚಾವಣಿ, ಕಿಟಕಿಯ ಸಾಮಾನೂ ಅದರಲ್ಲೇ ಆಗುತ್ತಾ ಎಂದು ಕೇಳಿದ್ದೀರಿ. ಹಾಗೆಂದು ನಂಬಿ ಬಜೆಟ್ ಹಾಕಬೇಡಿ. ಆ ದುಡ್ಡು ಮುಖ್ಯವಾಗಿ ಹೋಗುವುದು ಸೇವೆಗೆ ಬಂದವರ ಜೀವನಭತ್ಯೆ, ತರಬೇತಿ, ಮೇಲ್ವಿಚಾರಣೆಗೆ. ಪೂರ್ಣಾವಧಿ ಸೇವೆ ಅಂದರೆ 1700 ಗಂಟೆ. ಖರ್ಚಿನ ಲೆಕ್ಕ ಕೊಟ್ಟು ಪಡೆಯುವ ಅನುದಾನವಾದರೆ ಮೊದಲ 3 ವರ್ಷ ಒಟ್ಟು ಖರ್ಚಿನ ಶೇ. 24 ನಿಮ್ಮ ಸಂಸ್ಥೆಯ ಪಾಲು, 10ನೇ ವರ್ಷಕ್ಕೆ ಶೇ. 50.

ಹಲಗೆ, ಶಿಂಗಲ್ಸ್‌ಗೆ (ಚಾವಣಿಗೆ ಹೊದಿಸುವ ಬಿಲ್ಲೆಗಳು) ನಗರಾಡಳಿತದಲ್ಲಿ ಸಿಡಿಬಿಜಿ ಹಣ, ಅಂದರೆ ಸಮುದಾಯ ಅಭಿವೃದ್ಧಿಗೆ ಕೊಡುವ ಫೆಡರಲ್ ಅನುದಾನ, ಕೇಳಿ. ಮನೆಯವರ ಆದಾಯ ಆ ಪ್ರದೇಶದ ಮಧ್ಯಕ (ಮೀಡಿಯನ್) ಆದಾಯದ ಶೇ. 80 ದಾಟಿರಬಾರದು. ಹಳ್ಳಿಗಾಡಾದರೆ, 62 ತುಂಬಿದ, ತೀರಾ ಕಡಿಮೆ ಆದಾಯದ ಮಾಲೀಕರಿಗೆ ಅಮೆರಿಕದ ಕೃಷಿ ಇಲಾಖೆಯ ಸೆಕ್ಷನ್ 504 ಎಂಬ ಮನೆ ರಿಪೇರಿ ಅನುದಾನವಿದೆ. 3 ವರ್ಷದೊಳಗೆ ಮನೆ ಮಾರಿದರೆ ಅದನ್ನು ವಾಪಸ್ ಕಟ್ಟಬೇಕು, ಮೊದಲೇ ತಿಳಿಸಿ.

ಹೆಚ್ಚಾಗಿ ಎಡವುವುದು ಸೀಸ ಬೆರೆತ ಹಳೇ ಬಣ್ಣದಲ್ಲಿ. 1978ಕ್ಕಿಂತ ಮುಂಚಿನ ಮನೆಯ ಕಿಟಕಿ ಚೌಕಟ್ಟನ್ನು ನೀರು ಚಿಮುಕಿಸದೆ ಉಜ್ಜಿದರೆ ಸೀಸದ ಧೂಳು ಕಿಟಕಿಯ ಕೆಳಪಟ್ಟಿ ಮೇಲೆ ಕೂರುತ್ತದೆ. ಮಗು ಕೈಯಿಟ್ಟು ನಿಲ್ಲುವುದೂ ಅಲ್ಲೇ. ಇಂಥ ಮನೆಗೆ ಫೆಡರಲ್ ನೆರವು 5,000 ಡಾಲರ್ ಮೀರಿದರೆ ಸೀಸದ ಅಪಾಯದ ತಪಾಸಣೆ ಬೇಕು, 25,000 ಮೀರಿದರೆ ಆ ಅಪಾಯವನ್ನೇ ಪೂರ್ತಿ ನಿವಾರಿಸಬೇಕು. ಈ ಖರ್ಚು ಬಿಟ್ಟ ಅಂದಾಜುಪಟ್ಟಿ ಅರ್ಧ ಕೆಲಸದಲ್ಲೇ ನಿಲ್ಲುತ್ತದೆ. ದಯವಿಟ್ಟು ಇಲ್ಲಿ ಕೈ ಬಿಗಿ ಮಾಡಬೇಡಿ.